ಕೊಚ್ಚಿಯಲ್ಲಿ ಅತ್ತೆ ನೀರು ಕುಡಿಯಲಿಲ್ಲ

ಹಡಗಿನ ಟಿಕೆಟು ತೆಗೆಸಿದ್ದು ನನಗೆ ಮತ್ತು ನಮ್ಮ ಮನೆಯವರಿಗೆ. ದಸರಾ ರಜೆಯಲ್ಲಿ ಮುಂಬೈಯಿಂದ ಕೊಚ್ಚಿಗೆ ಹೋಗಿ ಬರುವ ಹಡಗು. ಹೊರಡಲು ವಾರವಿರುವಾಗ ಭೀಮಾ ನದಿಗೆ ಮೇಲಿನಿಂದ ನೀರು ಬಿಟ್ಟರು. ಸೊನ್ನದ ಬ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮವರ ರಜೆ ಆ ನೀರಿನಲ್ಲೇ ಹೋಯಿತು. ಹೆಸರು ಬದಲಿಸಿ ತಮ್ಮ ಜಾಗಕ್ಕೆ ಅತ್ತೆಯನ್ನು ಹಾಕಿಸಿದರು. "ಅವ್ವ ಸಮುದ್ರ ನೋಡಿಲ್ಲ ಪಾಪ" ಎಂದರು. ನಾನೂ ನೋಡಿಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ. ಅಫಜಲಪುರದ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಭೂಗೋಳ ಹೇಳುತ್ತಿರುವವಳು ನಾನು. ಕೊಲ್ಲಿ, ಬಂದರು, ಹಿನ್ನೀರು ಎಲ್ಲವನ್ನೂ ನೀಲಿ ಸೀಮೆಸುಣ್ಣದಲ್ಲಿ ಬರೆದದ್ದೇ ಬಂತು, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ.

ನನ್ನದು ಅವಸರದ ಜೀವ. ಅತ್ತೆಯದು ಕಲ್ಲು ಹೊತ್ತರೂ ಗಡಿಬಿಡಿ ಮಾಡದ ಜೀವ. ಹಡಗಿನ ಕೋಣೆಯಲ್ಲೂ ಬೆಳಿಗ್ಗೆ ಲಿಂಗಪೂಜೆಗೆ ಮುಕ್ಕಾಲು ಗಂಟೆ ಬೇಕು. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಊರಿಂದ ಡಬ್ಬಿಯಲ್ಲಿ ತಂದ ಪತ್ರೆ ಏರಿಸಿ, ಆಮೇಲೆ ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರೆ ನಾಷ್ಟಾ. ದಿನವಿಡೀ ಏನು ತಿನ್ನುವ ಮುಂಚೆಯೂ, ಏನು ಕುಡಿಯುವ ಮುಂಚೆಯೂ ಆ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮೈಮೇಲೆ ಲಿಂಗವಿಲ್ಲದಿದ್ದರೆ ಹನಿ ನೀರೂ ಇಲ್ಲ. ನಾನು ಹಬ್ಬಹುಣ್ಣಿಮೆಗೆ ಕಟ್ಟಿಕೊಳ್ಳುವವಳು, ಅದಕ್ಕೆ ಅವರು ಎಂದೂ ಒಂದು ಮಾತು ಆಡಿದವರಲ್ಲ.

ಕೊಚ್ಚಿಯಲ್ಲಿ ಹಡಗು ಇಳಿದು ಬಂದರಿನ ಬಾಗಿಲಿಗೆ ಬಂದೆವು. ತಪಾಸಣೆಯ ಚೌಕಟ್ಟು ದಾಟುವಾಗ ಅತ್ತೆಯ ಕರಡಿಗೆಗೆ ಕೀಂ ಎಂದಿತು. ತೆಗೆದು ಟ್ರೇಯಲ್ಲಿಡಿ ಎಂದು ಕಾವಲಿನ ಹೆಣ್ಣುಮಗಳು ಕೈಸನ್ನೆ ಮಾಡಿದಳು. ಟ್ರೇಯಲ್ಲಿ ಯಾರದೋ ಚರ್ಮದ ಬೆಲ್ಟು, ಯಾರದೋ ಬೂಟು. ಅತ್ತೆ ಹಿಂದೆ ಸರಿದರು.

"ಅದರಾಗ ನಾ ಇಡಂಗಿಲ್ಲ. ನೀ ಕೈಯಾಗ ಹಿಡಕೊಂಡು ಬಾ ಬೇ."

"ಹೂಂರಿ, ನೀವು ನಡೀರಿ ಜಲ್ದಿ," ಎಂದು ಕರಡಿಗೆ ಇಸಿದುಕೊಂಡೆ. ಹಿಂದೆ ಸಾಲು ಗೊಣಗುತ್ತಿತ್ತು. ಅತ್ತೆ ಆಚೆ ಹೋದದ್ದೇ ತಡ, ಬೇರೆ ಟ್ರೇ ಎಳೆದುಕೊಂಡು ನನ್ನ ಬ್ಯಾಗು, ಫೋನು, ಕರಡಿಗೆ ಮೂರನ್ನೂ ಅದರಲ್ಲಿಟ್ಟೆ. ಅತ್ತ ಕಡೆ ಟ್ರೇ ಬರುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ನಮ್ಮವರು. ನದಿ ಏರಾಕತ್ತದ, ಇನ್ನೂ ಗೇಟು ಎತ್ತಬೇಕು ಎನ್ನುತ್ತಿದ್ದರು. ಮಾತಾಡುತ್ತಲೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಊರು ತೋರಿಸುವ ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ನಮಗೆ ಸೀಟು ಬೇರೆ ಬೇರೆ ಸಿಕ್ಕವು.

ಮೊದಲು ಇಳಿಸಿದ್ದು ಚೀನಾ ಬಲೆಗಳ ದಂಡೆಯಲ್ಲಿ. ಮರದ ತೊಲೆಗಳಿಗೆ ಕಟ್ಟಿದ, ಮನೆಯಷ್ಟು ದೊಡ್ಡ ಬಲೆಗಳು ನೀರಿಗಿಳಿದು ಏಳುತ್ತಿದ್ದವು. ಪುಸ್ತಕದಲ್ಲಿ ಅದರ ಚಿತ್ರ ಹೆಬ್ಬೆರಳಿನಷ್ಟಿದೆ. ಬಲೆ ಎರಡು ಸಲ ಎದ್ದಿಳಿಯುವ ತನಕ ನೋಡುತ್ತ ನಿಂತೆ. ಅತ್ತೆಗೆ ಎಳನೀರು ಕೊಡಿಸಿದೆ. ಅವರು ಕೈ ಎದೆಗೆ ಒಯ್ದು, ತಡೆದು, ನನ್ನತ್ತ ತಿರುಗಿದರು.

"ಲಿಂಗ ಕೊಡು."

ಬ್ಯಾಗಿಗೆ ಕೈ ಹಾಕಿದೆ. ನೀರಿನ ಬಾಟಲಿ, ಗುಳಿಗೆ ಡಬ್ಬಿ, ಕನ್ನಡಕ. ಇನ್ನೊಂದು ಖಾನೆ ತಡಕಾಡಿದೆ. ಟ್ರೇಯ ಮೂಲೆಯಲ್ಲಿ ಬೆಳ್ಳಗೆ ಕೂತಿದ್ದ ಕರಡಿಗೆ ಕಣ್ಣ ಮುಂದೆ ಬಂತು. ಅದನ್ನು ನಾನು ಎತ್ತಿಕೊಂಡೇ ಇರಲಿಲ್ಲ. ನಿಜ ಹೇಳಿದರೆ ಅತ್ತೆ ಅಲ್ಲೇ ಕುಸಿದು ಕೂತಾರು, ಊರಿಗೆ ಫೋನು ಹೋದೀತು, ವಾಪಸ್ಸು ಓಡಬೇಕಾದೀತು. ಇಪ್ಪತ್ತು ವರ್ಷಕ್ಕೆ ಕಂಡ ಕೊಚ್ಚಿ ಇಪ್ಪತ್ತು ನಿಮಿಷಕ್ಕೆ ಮುಗಿದೀತು. ಇದನ್ನೆಲ್ಲ ಲೆಕ್ಕ ಹಾಕಿದ್ದು ಒಂದೇ ಉಸಿರಿನಲ್ಲಿ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಬ್ಯಾಗಿನ ತಳದಾಗ ಅದರಿ. ಇಲ್ಲಿ ಮೀನಿನ ವಾಸನಿ, ಹೊರಗ ತಗೀಬಾರದು."

ಅತ್ತೆ ನನ್ನ ಮುಖವನ್ನು ನೋಡಿದರು. "ಹಂಗಾದ್ರ ಇರ್ಲಿ," ಎಂದು ಎಳನೀರನ್ನು ಪಕ್ಕದಲ್ಲಿದ್ದ ಹೆಂಗಸಿಗೆ ಕೊಟ್ಟುಬಿಟ್ಟರು.

ಎಷ್ಟಕ್ಕೆ ಬಂದರಿಗೆ ವಾಪಸ್ಸು ಎಂದು ಗೈಡನನ್ನು ಕೇಳಿದೆ. ನಾಲ್ಕಕ್ಕೆ ಎಂದ. ಆಗ ಹತ್ತೂವರೆ.

ಅಲ್ಲಿಂದ ಮುಂದೆ ನಾನು ಕೊಚ್ಚಿಯಲ್ಲಿ ನೋಡಿದ್ದು ಎರಡೇ: ಕೈಗಡಿಯಾರ ಮತ್ತು ಅತ್ತೆಯ ತುಟಿ. ಹಳೆಯ ಅರಮನೆಗೆ ಒಯ್ದರು, ಗೋಡೆಯ ಮೇಲೆ ಏನೋ ಚಿತ್ರಗಳಿದ್ದವು. ಮಸಾಲೆ ಅಂಗಡಿಗಳ ಓಣಿಗೆ ಒಯ್ದರು, ಶುಂಠಿ, ಯಾಲಕ್ಕಿ, ಮೆಣಸಿನ ಘಾಟು. ಅತ್ತೆ ಒಂದೊಂದು ಚೀಲದ ಮುಂದೆಯೂ ನಿಂತು ಮೂಸಿ ನೋಡುತ್ತಿದ್ದರು. ನನಗೆ ಕಾಲು ನಿಲ್ಲುತ್ತಿರಲಿಲ್ಲ. "ಬರ್ರಿ, ಬರ್ರಿ" ಎಂದು ಅವರನ್ನು ಬಸ್ಸಿಗೆ ಎಳೆದೆ, ನಾವು ಬೇಗ ಹತ್ತಿದರೆ ಬಸ್ಸು ಬೇಗ ಬಿಡುತ್ತದೆ ಎನ್ನುವ ಹಾಗೆ. ನಮ್ಮ ಕಡೆ ಬಿಸಿಲು ಒಣ ಬಿಸಿಲು, ನೆರಳಿಗೆ ಹೋದರೆ ಮುಗಿಯಿತು. ಇಲ್ಲಿಯದು ಮೈಗೆ ಅಂಟುವ ಬಿಸಿಲು, ನೆರಳಿನಲ್ಲೂ ಬೆವರು ಸುರಿಯುತ್ತಿತ್ತು. ಎಪ್ಪತ್ತರ ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಒರೆಸಿಕೊಂಡು ನಡೆದರು.

ಊಟಕ್ಕೆ ಬಾಳೆಲೆ ಹಾಕಿದರು. ಅತ್ತೆ ಎಲೆಯ ಮುಂದೆ ಕೈ ಕಟ್ಟಿ ಕೂತರು. ಮಧ್ಯಾಹ್ನದ ಗುಳಿಗೆ ಹಾಗೇ ಉಳಿಯಿತು. ಬಾಟಲಿ ಅವರ ಮುಂದೆ ಹಿಡಿದೆ.

"ಒಂದ್ ಗುಟುಕು ಕುಡೀರಿ ಅತ್ತೀ. ಲಿಂಗ ನಿಮ್ಮ ಮಗ್ಗಲದಾಗೇ ಅದಲ್ಲ. ಬ್ಯಾಗ ಮುಟ್ಟಿದ್ರ ಮುಟ್ಟಿದಂಗೇ."

"ನನಗ ನೀರಡಿಕಿಲ್ಲ," ಎಂದರು. ತುಟಿ ಬಿಳಿಚಿ ಸಿಪ್ಪೆ ಎದ್ದಿತ್ತು. ನನಗೆ ಸಿಟ್ಟು ಬಂತು, ಅವರ ಮೇಲೆ. ತಪ್ಪು ಮಾಡಿದವರಿಗೇ ಸಿಟ್ಟು ಜಾಸ್ತಿ. ಇಷ್ಟು ಹಟ ಯಾಕೆ, ದೇವರೇನು ಬಾರುಕೋಲು ಹಿಡಿದು ನಿಂತಿದ್ದಾನೆಯೇ ಎಂದು ಒಳಗೊಳಗೇ ಬೈದೆ. ಮರುಕ್ಷಣವೇ ಕರಡಿಗೆ ಸಿಗದಿದ್ದರೆ ಏನು ಗತಿ ಎಂದು ಮತ್ತೆ ಕೈಗಡಿಯಾರ ನೋಡಿದೆ. ಒಂದು ಸಮಾಧಾನವೆಂದರೆ, ಬ್ಯಾಗು ತೆರೆದು ತೋರಿಸು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಅದು ನನ್ನ ಪುಣ್ಯ ಎಂದುಕೊಂಡೆ.

ನಾಲ್ಕೂಕಾಲಿಗೆ ಬಂದರು ತಲುಪಿದೆವು. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ಹಡಗಿನ ಚೀಟಿ ತೋರಿಸಿ ಬರುತ್ತೇನೆಂದು ತಪಾಸಣೆಯ ಬಾಗಿಲಿಗೆ ಓಡಿದೆ. ಬೆಳಗಿನ ಹೆಣ್ಣುಮಗಳೇ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ ಗುರುತು ಹಿಡಿದಳು. ಮೇಜಿನ ಖಾನೆಯಿಂದ ತನ್ನ ತೊಳೆದ ಕರವಸ್ತ್ರದಲ್ಲಿ ಸುತ್ತಿಟ್ಟ ಕರಡಿಗೆ ತೆಗೆದು, ಎರಡೂ ಕೈಯಲ್ಲಿ ಕೊಟ್ಟಳು. ನನಗೆ ಅಳು ಬಂತು. ಅವಳ ಕೈ ಹಿಡಿದು ನಮ್ಮ ಭಾಷೆಯಲ್ಲೇ ಏನೇನೋ ಹೇಳಿದೆ.

ಆಮೇಲೆ ಮಾಡಿದ್ದನ್ನು ಬರೆಯಲು ಕೈ ಏಳುವುದಿಲ್ಲ. ಕಣ್ಣೊರೆಸಿಕೊಂಡು, ಕರಡಿಗೆಯನ್ನು ಬ್ಯಾಗಿನ ತಳಕ್ಕೆ ಇಳಿಸಿ, ಝಿಪ್ಪು ಎಳೆದೆ. ಅತ್ತೆಯ ಮುಂದೆ ಬಂದು, ಝಿಪ್ಪು ಬಿಚ್ಚಿ, ಹುಡುಕಿದ ಹಾಗೆ ಮಾಡಿ ತೆಗೆದೆ.

"ತಗೋರಿ. ಹೇಳಿದ್ನಲ್ಲ, ಬ್ಯಾಗಿನಾಗೇ ಅದ ಅಂತ."

ಅತ್ತೆ ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಕೊರಳಿಗೆ ಹಾಕಿಕೊಂಡರು. ಬಾಟಲಿ ತೆಗೆದುಕೊಂಡು ತಳ ಕಾಣುವ ತನಕ ನಿಧಾನವಾಗಿ ಕುಡಿದರು. ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ಪಕ್ಕದವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು:

"ಆ ಮೀನಿನ ಬಲಿ ಮುಂದ ಬ್ಯಾಗ ತಡಕಾಡಿದಾಗೇ ನಿನ್ನ ಮಾರಿ ನೋಡಿ ನನಗ ತಿಳೀತು. ಕಳಿಯೋದು ಯಾರ ಕೈಲೂ ಕಳೀತದ, ಅದಕ್ಕ ನನಗ ಸಿಟ್ಟಿಲ್ಲ. ಉಣ್ಣಾಕ ಕುಂತಾಗ ನಿನ್ನ ಮಾತು ನಂಬಿ ನೀರು ಕುಡದಿದ್ರ ನನ್ನ ನೇಮದ ಗತಿ ಏನು? ನಲವತ್ತು ಮಂದಿ ಮುಂದ ನನ್ನ ಸೊಸಿ ಸುಳ್ಳ ಹೇಳಾಕತ್ತಾಳ ಅಂತ ಅನ್ಲೇನು? ನೀನೇ ಹೇಳ್ತಿ, ಈಗ ಹೇಳ್ತಿ ಅಂತ ಕಾದೆ. ಕೈಯಾಗ ಸಿಕ್ಕ ಮ್ಯಾಲೂ ಹೇಳ್ಲಿಲ್ಲಲ್ಲ ಬೇ ನೀ."