ಹೊಸ ಬ್ರೇಕಿನ ಎಳ್ಳಮಾವಾಸ್ಯೆ

ಕಾದ ಹಂಚಿನ ಮೇಲೆ ಕುಸುಬಿ ಎಣ್ಣೆ ಸುಟ್ಟ ವಾಸನೆ ಬಂದರೆ ಸಾಕು, ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಒಲೆಯ ಮುಂದೆ ನಿಂತು ಇಲ್ಲದ ಬ್ರೇಕನ್ನು ಒತ್ತುವ ತಾಯಿಯನ್ನು ನೋಡಿ ನನ್ನ ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಅವರಿಗೆ ಆ ವಾಸನೆಯಲ್ಲಿ ರೊಟ್ಟಿ ಪಲ್ಯವಷ್ಟೇ ಇದೆ. ನನಗೆ ಅದರಲ್ಲಿ ಬ್ರಹ್ಮಪುರದ ನಮ್ಮ ಮನೆಯಿದೆ, ಅಪ್ಪನ ಬೆವೆತ ಕುತ್ತಿಗೆಯಿದೆ, ಕಮಲಾಪುರದ ಹಾದಿಯ ಒಂದು ಇಳಿಜಾರು ಇದೆ. ಸಣ್ಣವರಿದ್ದಾಗ ಹೊಕ್ಕ ಹೆದರಿಕೆ ಎಷ್ಟು ವಯಸ್ಸಾದರೂ ಹೋಗುವುದಿಲ್ಲ ಎಂಬುದು ನಿಮಗೂ ಗೊತ್ತಿರಬೇಕು.

ಆ ಮನೆ ಈಗಿಲ್ಲ. ಶಹಾಬಾದ್ ಕಲ್ಲು ಹಾಸಿದ ಪಡಸಾಲೆ, ಬೇವಿನ ಹೂ ಉದುರುವ ಅಂಗಳ, ಅಂಗಳದ ಮೂಲೆಯಲ್ಲಿ ತಗಡಿನ ನೆರಳಿಗೆ ನಿಂತ ಬಿಳಿ ಕಾರು, ಎಲ್ಲವೂ ಹೋಗಿ ಅಲ್ಲಿ ಮೂರಂತಸ್ತು ಎದ್ದಿದೆ. ಆ ಮನೆಯಲ್ಲಿ ನಾವು ನಾಲ್ವರಿದ್ದೆವು: ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಾಯಿ, ಅಂದರೆ ನಮ್ಮ ಆಯಿ. ಆಯಿ ಹೆದರದ ವಸ್ತುವೇ ಇರಲಿಲ್ಲ. ಸಿಡಿಲಿಗೆ ಹೆದರುತ್ತಿದ್ದಳು, ಬಾವಿಗೆ ಹೆದರುತ್ತಿದ್ದಳು, ಎಲ್ಲಕ್ಕಿಂತ ಹೆಚ್ಚಾಗಿ ಹೊಸ ಕಬ್ಬಿಣಕ್ಕೆ ಹೆದರುತ್ತಿದ್ದಳು. ಹೊಸ ಹಂಚು ಬರಲಿ, ಈಳಿಗೆ ಬರಲಿ, ಬಾಗಿಲಿಗೆ ಹೊಸ ಕೀಲಿ ಬರಲಿ, ಅದನ್ನು ಬಳಸುವ ಮೊದಲು ಬೆರಳಿಂದ ಕುಸುಬಿ ಎಣ್ಣೆ ಸವರಿ ವಿಭೂತಿ ಹಚ್ಚಲೇಬೇಕು. “ಕಬ್ಬಣ ಹಸಕೊಂಡು ಬಂದಿರ್ತದವ್ವ. ಮೊದಲ ಅದಕ್ಕ ಉಣಸ್ಬೇಕು. ಇಲ್ಲಂದ್ರ ಮನಶ್ಯಾರ ರಕ್ತ ಕೇಳ್ತದ,” ಎನ್ನುತ್ತಿದ್ದಳು. ಹೀಗೆ ಉಣಿಸಿದ ಈಳಿಗೆ ಕೂಡ ಅವ್ವನ ಬೆರಳು ಕೊಯ್ದದ್ದುಂಟು. ಆಗ ಎಣ್ಣೆ ಕಡಿಮೆಯಾಗಿತ್ತು ಎಂದು ಆಯಿಯ ತೀರ್ಮಾನ.

ಅಪ್ಪ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬಟ್ಟೆ ಅಂಗಡಿಯೊಂದನ್ನು ನೋಡಿಕೊಳ್ಳುತ್ತಿದ್ದ. ಕಾರು ಯಾರೋ ಓಡಿಸಿ ಬಿಟ್ಟ ಹಳೆಯ ಡೀಸೆಲ್ ಕಾರು. ಏರು ಕಂಡರೆ ಕೆಮ್ಮುತ್ತಿತ್ತು, ಹಿಂದೆ ಬಂದವರ ಮುಖಕ್ಕೆ ಕರಿ ಹೊಗೆ ಬಳಿಯುತ್ತಿತ್ತು. ಅದರ ಮೆತ್ತಗಿನ ನಡಿಗೆಯಿಂದಾಗಿಯೇ ಆಯಿ ಅದರಲ್ಲಿ ಕೂರಲು ಒಪ್ಪಿದ್ದು. ಆ ವರ್ಷ ದೀಪಾವಳಿ ಮುಗಿದ ಮೇಲೆ ಅಪ್ಪ ಇಂಜಿನಿಗೆ ಡೀಸೆಲ್ ಚಿಮ್ಮಿಸುವ ಹಳೆಯ ಇಂಜೆಕ್ಟರುಗಳನ್ನು ತೆಗೆಸಿ, ಅದಕ್ಕಿಂತ ಒಳ್ಳೆಯವನ್ನು ಹಾಕಿಸಿದ. ಕೆಮ್ಮು ನಿಂತಿತು, ಹೊಗೆ ನಿಂತಿತು, ಕಾಲಿಟ್ಟರೆ ಕಾರು ಮುಂದಕ್ಕೆ ಜಿಗಿಯತೊಡಗಿತು. ಒಂದು ವಾರ ಖುಷಿಯಲ್ಲಿದ್ದ ಅಪ್ಪ ಆಮೇಲೆ ತಾನೇ ಹೆದರಿದ. “ಓಡೋದು ಕಲಸಿದ್ವಿ, ನಿಲ್ಲೋದು ಕಲಸಲಿಲ್ಲ,” ಎಂದು ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದ. ಬುತ್ತಿ ಒಯ್ದು ಹೊಲದಲ್ಲಿ ಉಣ್ಣುವ ಎಳ್ಳಮಾವಾಸ್ಯೆ ಹಬ್ಬಕ್ಕೆ ಕಮಲಾಪುರದ ಮಾಮಾನ ಹೊಲಕ್ಕೆ ಹೋಗುವ ಮೊದಲು ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಬೇಕೆಂದು ನಿರ್ಧರಿಸಿದ.

ರಫೀಕ್ ಮಿಸ್ತ್ರಿ ಹಬ್ಬದ ಹಿಂದಿನ ದಿನ ನಮ್ಮ ಅಂಗಳಕ್ಕೇ ಬಂದು ಕೆಲಸ ಮಾಡಿದ. ಮುಂದಿನ ಎರಡೂ ಗಾಲಿ ಬಿಚ್ಚಿ, ಹಳೆಯದೆಲ್ಲ ಕಳಚಿ, ಬ್ರೇಕು ಕಚ್ಚಿ ಹಿಡಿಯುವ, ಬೆಳ್ಳಿಯ ತಟ್ಟೆಯಂತೆ ಹೊಳೆಯುವ ಡಿಸ್ಕುಗಳನ್ನು ಕೂಡಿಸಿದ. ಸಂಜೆಯ ಹೊತ್ತಿಗೆ ಮನೆಯಿಂದ ಅವನ ತಾಯಿಗೆ ಹುಷಾರಿಲ್ಲವೆಂದು ಫೋನ್ ಬಂತು. “ಸಾಬ್, ಗಾಲಿ ಕೂಡ್ಸೋದಷ್ಟೇ ಉಳದದ. ಮುಂಜಾನಿ ಬಂದು ಕೂಡಸ್ತೀನಿ. ಹೊಸಾ ಬ್ರೇಕ್ ಅವ, ನಾಲ್ಕು ದಿನ ಜರಾ ಮೆತ್ತಗ ಹಿಡೀತಾವ, ಘಾಬ್ರಿ ಆಗಬ್ಯಾಡ್ರಿ,” ಎಂದು ಹೇಳಿ ಓಡಿದ. ಅಪ್ಪ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಆಯಿ ಹೊಸ ಕಬ್ಬಿಣಕ್ಕೆ ಉಣಿಸಿದಳು. ದೀಪದ ತಟ್ಟೆ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಮೊಮ್ಮಗಳು ಕೂರುವ ಗಾಡಿ ಎಂದು ಆಯಿ ಅವತ್ತು ಎಣ್ಣೆಗೆ ಕೈ ಬಿಗಿ ಹಿಡಿಯಲಿಲ್ಲ. ಎರಡೂ ಡಿಸ್ಕುಗಳಿಗೆ ಧಾರಾಳವಾಗಿ ಸವರಿ, ವಿಭೂತಿ ಹಚ್ಚಿ, “ನಮ್ಮವರ್ನ ಕಾಯಪ್ಪಾ,” ಎಂದು ಕೈ ಮುಗಿದಳು. ಅಪ್ಪ ಬಂದವನೇ ಮಿಸ್ತ್ರಿಗೆ ಯಾಕೆ ತೊಂದರೆಯೆಂದು ಮಸುಕು ಬೆಳಕಿನಲ್ಲಿ ತಾನೇ ಗಾಲಿ ಕೂಡಿಸಿದ. ಹೊಸದು ಹೊಳೆಯುತ್ತಿದೆ ಎಂದಷ್ಟೇ ಅಂದುಕೊಂಡ.

ಮರುದಿನ ಬುತ್ತಿಯ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ವರೂ ಹೊರಟೆವು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಯ ವಾಸನೆ ಕಾರಿನ ತುಂಬ ಇತ್ತು. ತಾಜಸುಲ್ತಾನಪುರದ ಕಡೆಯ ಹೊಲಗಳಿಗೆ ಆಗಲೇ ಜನ ಬುತ್ತಿ ಹೊತ್ತು ನಡೆದಿದ್ದರು. ಓಣಿಯಲ್ಲಿ ಬ್ರೇಕು ಮೆತ್ತಗೆ ಹಿಡಿದಾಗ ಅಪ್ಪ, “ಹೊಸಾವ ಅವ, ಹಂಗೇ,” ಎಂದ. ಊರು ದಾಟಿದ ಮೇಲೆ ಕಾರು ಹಗುರಾಗಿ ಹಾರತೊಡಗಿತು. ಹಿಂದಿನ ಸೀಟಿನ ನಡುವೆ ಕೂತ ನನಗೆ ಅಪ್ಪನ ಕಾಲು ಕಾಣುತ್ತಿತ್ತು. ಕಮಲಾಪುರ ಇನ್ನೂ ದೂರವಿರುವಾಗ ರಸ್ತೆ ಇಳಿಯಿತು. ಇಳಿಜಾರಿನ ಕೆಳಗೆ ಹೊಲದ ದಾರಿಗೆ ತಿರುಗಲೆಂದು ಒಂದು ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಅದರ ಟ್ರಾಲಿಯ ತುಂಬ ಹಬ್ಬದ ಸೀರೆಯುಟ್ಟ ಹೆಂಗಸರು, ಮಕ್ಕಳು. ಅಪ್ಪ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದ, ಸೀಟಿನಿಂದ ಎದ್ದು ಒತ್ತಿದ, ಅವನ ಕಾಲಿನ ಜೊತೆ ನಾನೂ ನೆಲವನ್ನು ಒತ್ತಿದೆ. ಮುಂದಿನ ಗಾಲಿಗಳಿಂದ ಹೊಗೆ ಎದ್ದಿತು, ಹಂಚಿನ ಮೇಲೆ ಎಣ್ಣೆ ಸುಟ್ಟಂಥ ವಾಸನೆ ಬಂತು. ಟ್ರಾಲಿಯಲ್ಲಿದ್ದ ಒಂದು ಹುಡುಗಿ ನಮ್ಮ ಕಡೆ ನೋಡಿ ಕೈ ಬೀಸಿದಳು. ನಾವು ಆಟಕ್ಕೆ ಜೋರಾಗಿ ಬರುತ್ತಿದ್ದೇವೆಂದು ಅವಳು ತಿಳಿದಿದ್ದಳು. ಅವ್ವ “ರೀ!” ಎಂದು ಕೂಗಿದ್ದು ನನಗೆ ಇವತ್ತಿಗೂ ಕೇಳುತ್ತದೆ. ಅಪ್ಪ ಹ್ಯಾಂಡ್ ಬ್ರೇಕ್ ಎಳೆದು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಕಾರು ರಸ್ತೆ ಬಿಟ್ಟು, ಬದು ಹಾರಿ, ಎದೆಮಟ್ಟ ಬೆಳೆದ ತೊಗರಿಯೊಳಗೆ ನುಗ್ಗಿತು. ತೊಗರಿ ಗಿಡಗಳು ಗಾಜಿಗೆ ಪಟಪಟ ಹೊಡೆದವು. ಕರಿ ಮಣ್ಣು ನಮ್ಮನ್ನು ಹಿಡಿದು ನಿಲ್ಲಿಸಿತು.

ಯಾರಿಗೂ ಏನೂ ಆಗಿರಲಿಲ್ಲ. ಅಪ್ಪನ ಕೈಯನ್ನು ಸ್ಟೇರಿಂಗಿನಿಂದ ಅವ್ವನೇ ಬಿಡಿಸಿದಳು. ಫೋನ್ ಮಾಡಿದ ಕೂಡಲೇ ರಫೀಕ್ ಮಿಸ್ತ್ರಿ ಬೈಕಿನ ಮೇಲೆ ಹಾರಿಬಂದ. ಗಾಲಿ ಬಿಚ್ಚಿ, ಡಿಸ್ಕಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದ. “ಸಾಬ್, ಇದು ಕುಸುಬಿ...” ಎಂದವನು ಅಪ್ಪನ ಮುಖ ನೋಡಿ ಅಲ್ಲಿಗೇ ನಿಂತ. ಅಪ್ಪನ ಕಣ್ಣು ಬದುವಿನ ಮೇಲೆ ಕೂತಿದ್ದ ಆಯಿಯ ಕಡೆಗಿತ್ತು. ಆಮೇಲೆ ಅಪ್ಪ ಎಲ್ಲರಿಗೂ ಕೇಳುವಂತೆ, “ಗಾಲಿ ನಾನೇ ಬರೋಬರಿ ಕೂಡ್ಸಿರಲಿಲ್ಲ, ಯವ್ವ. ಅವಸರ ಮಾಡ್ದೆ,” ಎಂದ. ಮಿಸ್ತ್ರಿ ತಲೆ ತಗ್ಗಿಸಿ, “ಹೌದ್ರಿ ಆಯಿ, ಲೂಸ್ ಇತ್ತು,” ಎಂದು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಡಿಸ್ಕುಗಳನ್ನು ಬೇಗಬೇಗ ಒರೆಸತೊಡಗಿದ. ಆಯಿ ತನ್ನ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಮಗನನ್ನು ಬೈಯಲಿಲ್ಲ, ಅದೇ ನನಗೆ ಇನ್ನಷ್ಟು ಹೆದರಿಕೆ ತಂದಿತು.

ಕೆಲವು ತಿಂಗಳ ಮೇಲೆ ಮನೆಗೆ ಹೊಸ ಹಂಚು ಬಂತು. ಅವ್ವ ರೂಢಿಯಂತೆ ಎಣ್ಣೆಯ ಬಟ್ಟಲನ್ನು ಆಯಿಯ ಮುಂದಿಟ್ಟಳು. ಆಯಿ ಬಟ್ಟಲನ್ನು ಹಿಂದಕ್ಕೆ ಸರಿಸಿ, “ನೀನೇ ಹಚ್ಚವ್ವ. ನನ್ನ ಕೈ ನಡಗ್ತದ,” ಎಂದು ಎದ್ದುಹೋದಳು. ಅವಳ ಕೈ ನಡುಗುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸುತ್ತಿದ್ದ ಕೈ ಅದು. ಆಮೇಲೆ ಅವಳು ಯಾವ ಕಬ್ಬಿಣಕ್ಕೂ ಉಣಿಸಲಿಲ್ಲ. ಅಡುಗೆಮನೆಗೆ ಬಂದರೂ ಬಾಗಿಲಲ್ಲೇ ನಿಲ್ಲುತ್ತಿದ್ದಳು. ತನ್ನ ಕೈಯೆಂದರೇ ಅವಳಿಗೆ ಹೆದರಿಕೆಯಾಗಿತ್ತು. ಅಪ್ಪನಿಗೆ ಅದು ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಎಲ್ಲರೂ ಗೊತ್ತಿಲ್ಲದವರಂತೆ ಓಡಾಡಿದರು.

ವರ್ಷಗಳು ಕಳೆದು ಆಯಿಗೆ ಉಸಿರಾಟ ಕಷ್ಟವಾದ ದಿನ ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸಿಗ್ನಲ್ಲಿನಲ್ಲಿ ಕಾರು ಸದ್ದಿಲ್ಲದೆ ನಿಂತಾಗ ಆಯಿ ಕಣ್ಣು ತೆರೆದು, “ತಮ್ಮಾ, ಅವತ್ತ ಗಾಲಿ ನೀ ಬರೋಬರಿನೇ ಕೂಡ್ಸಿದ್ದಿ,” ಎಂದಳು. ಅಪ್ಪ ತಿರುಗಲಿಲ್ಲ. “ಇಲ್ಲ ಯವ್ವ. ನಂದೇ ತಪ್ಪಿತ್ತು,” ಎಂದ. “ಹಂಗಾದ್ರ ಮುಂದ ಗಾಡಿ ಹುಷಾರಿಲೆ ಹೊಡಿ,” ಎಂದು ಆಯಿ ಕಣ್ಣು ಮುಚ್ಚಿದಳು.

ಆಯಿ ಮನೆಗೆ ಮರಳಲಿಲ್ಲ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ನನ್ನ ಕಾರನ್ನು ನಾನೇ ಓಡಿಸುತ್ತೇನೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕಮಲಾಪುರಕ್ಕೂ ಹೋಗಿಬರುತ್ತೇನೆ. ಬ್ರೇಕುಗಳು ಚೆನ್ನಾಗಿವೆ. ಆದರೂ ಹೆದರಿಕೆ ಹೋಗಿಲ್ಲ. ನಾಳೆ ನನ್ನ ಕೈಯಿಂದಲೂ ಅಂಥ ತಪ್ಪೊಂದು ನಡೆದರೆ, ಅದನ್ನು ತನ್ನದೆಂದು ಹೇಳಿ ಕೊನೆಯವರೆಗೂ ಹಟ ಹಿಡಿಯುವವರು ಯಾರೂ ಉಳಿದಿಲ್ಲ.