ಖಾಲಿ ಮನೆಯ ಪಾಟೀಸವಾಲು

ದೆವ್ವ ಹುಡುಕುವ ಹುಚ್ಚು ನನಗೆ ಹತ್ತಿದ್ದು ನನ್ನ ಗೆಳತಿಯಿಂದ. ನಾವಿಬ್ಬರೂ ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿದ್ದೆವು. ಖಾದಿ ಟೋಪಿಯವರು ಜೈಲಿಗೆ ಹೋಗಿ ಬರುತ್ತಿದ್ದ ಕಾಲ ಅದು. ಊರೆಲ್ಲ ದೇಶದ ಮಾತಾಡುವಾಗ ನಾವಿಬ್ಬರು ದೆವ್ವದ ಮಾತಾಡುತ್ತಿದ್ದೆವು. ಅವಳು ಮಿಶನ್ ಕಂಪೌಂಡಿನ ಕ್ರಿಶ್ಚಿಯನ್ ಮನೆತನದವಳು, ದೆವ್ವವೆಂದರೆ ನಕ್ಕುಬಿಡುವವಳು. ನಾನು ಮದುವೆಯಾದ ವರ್ಷವೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ದೆವ್ವಕ್ಕಿಂತ ನೆಂಟರಿಗೇ ಹೆಚ್ಚು ಹೆದರುವವಳು. ಜೋಡಿ ಚೆನ್ನಾಗಿಯೇ ಕೂಡಿತ್ತು.

ರವಿವಾರ ಅವಳ ಚರ್ಚು ಮುಗಿದು, ನನ್ನ ಊಟವಾದ ಮೇಲೆ ನಮ್ಮ ಸವಾರಿ ಹೊರಡುತ್ತಿತ್ತು. ದೆವ್ವ ಹುಡುಕಲು ರಾತ್ರಿ ಹೋಗಬೇಕೆಂಬುದು ನಮಗೂ ಗೊತ್ತಿತ್ತು. ಆದರೆ ರಾತ್ರಿ ಹೋದರೆ ದೆವ್ವಕ್ಕಿಂತ ಮೊದಲು ಅವ್ವನೇ ನನ್ನನ್ನು ಹಿಡಿಯುತ್ತಿದ್ದಳು. ಚೀಲದಲ್ಲಿ ರಂಗೋಲಿ ಪುಡಿ, ಒಂದು ಉಂಡೆ ದಾರ, ಮತ್ತೆ ಚುರಮರಿ. ಬಾಗಿಲಿಗೆ ದಾರ ಕಟ್ಟಿ, ನೆಲಕ್ಕೆ ಪುಡಿ ಉದುರಿಸಿ, ಹೊರಗೆ ಕೂತು ಚುರಮರಿ ತಿನ್ನುವುದು ನಮ್ಮ ಪದ್ಧತಿ. ದಾರ ಹರಿದರೆ, ಪುಡಿಯ ಮೇಲೆ ಹೆಜ್ಜೆ ಮೂಡಿದರೆ ಒಳಗೆ ಯಾರೋ ಓಡಾಡಿದ್ದಾರೆ ಎಂದರ್ಥ. ಮುಗದದ ದಾರಿಯ ಹುಣಸೆಮರದ ನಿಟ್ಟುಸಿರು ಪೊಟರೆಯೊಳಗಿನ ಗೂಗೆಯದೆಂದು ತಿಳಿಯಿತು. ಬೈರಿದೇವರಕೊಪ್ಪದ ಹತ್ತಿರ ಒಂದು ಬಾವಿ ಅಳುತ್ತದೆಂದು ಕೇಳಿ ರೈಲು ಹತ್ತಿ ಹೋದರೆ, ಅಳುತ್ತಿದ್ದದ್ದು ಗಾಳಿಗೆ ತಿರುಗುವ, ಎಣ್ಣೆ ಕಾಣದ ರಾಟೆ. ಪುಡಿಯ ಮೇಲೆ ಮೂಡಿದ ಹೆಜ್ಜೆಗಳೆಲ್ಲ ಬೆಕ್ಕಿನವೇ. ಶಾಲೆಗೆ ಬಂದು ಇದನ್ನೆಲ್ಲ ಹೇಳಿದರೆ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಧಾರವಾಡದಿಂದ ನಾವು ಓಡಿಸಿದಷ್ಟು ದೆವ್ವಗಳನ್ನು ಯಾವ ಮಂತ್ರವಾದಿಯೂ ಓಡಿಸಿರಲಿಕ್ಕಿಲ್ಲ.

ಒಂದು ಮಾತ್ರ ನಮ್ಮ ಕೈಗೆ ಸಿಗಲಿಲ್ಲ. ಅದು ಹೆಬ್ಬಳ್ಳಿ ದಾರಿಯ ಖಾಲಿ ಮನೆ. ಸುತ್ತ ಬರೇ ಹೊಲ, ಹತ್ತಿರದಲ್ಲಿ ಒಂದು ಗುಡಿಸಲೂ ಇಲ್ಲ. ಬಾಗಿಲಿಗೆ ಕೀಲಿಯಿರಲಿಲ್ಲ. ಖಾಲಿಯೆಂದು ಗೊತ್ತಿದ್ದೂ ನಾನು ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೆ ನಿಂತು, "ಒಳಗ ಅದೀರೇನ್ರಿ?" ಎಂದು ಕೂಗಿದೆ. ನಮ್ಮ ಕಡೆ ಹಾಗೆ ಕೂಗದೆ ಯಾರ ಮನೆಯೊಳಗೂ ಕಾಲಿಡುವುದಿಲ್ಲ.

"ಯಾರನ್ನ ಕರಿಯಾಕತ್ತೀಯ, ಹುಚ್ಚಿ?" ಎಂದು ಗೆಳತಿ ನಗುತ್ತಿದ್ದಳು. ಅಷ್ಟರಲ್ಲಿ ಒಳಗಿನ ಪಡಸಾಲೆಯಿಂದ ಒಂದು ಹೆಣ್ಣುದನಿ, "ಬರ್ರಿ" ಎಂದಿತು.

ಇಬ್ಬರಿಗೂ ಕೇಳಿಸಿತು. ಒಳಹೊಕ್ಕು ಮೂಲೆಮೂಲೆ ಹುಡುಕಿದೆವು, ಮಾಳಿಗೆ ಹತ್ತಿದೆವು, ಹಿತ್ತಲು ಸುತ್ತಿದೆವು. ಒಂದು ನರಪಿಳ್ಳೆಯೂ ಇರಲಿಲ್ಲ. ಪುಡಿ ಉದುರಿಸಿ ಸಂಜೆಯತನಕ ಕಾಯ್ದೆವು. ಅಂದು ಬೆಕ್ಕು ಕೂಡ ಬರಲಿಲ್ಲ. ಆಮೇಲೆ ಎಷ್ಟೋ ಸಲ ಹೋದರೂ ಆ ದನಿ ಮತ್ತೆ ಕೇಳಲಿಲ್ಲ. ಅದು ಏನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಗೂಗೆ, ರಾಟೆಗಳ ಕಥೆ ಕೇಳಿದ ಹುಡುಗಿಯರು ಇದನ್ನು ಬಿಟ್ಟಾರೆಯೇ? ಆದದ್ದನ್ನು ಆದ ಹಾಗೇ ಹೇಳಿದೆ. ಆ ವರ್ಗದಲ್ಲಿ ನಮ್ಮ ಶಾಲಾ ಕಮಿಟಿಯ ಸೆಕ್ರೆಟರಿಯ ಮೊಮ್ಮಗಳೂ ಇದ್ದಳು. ಸೆಕ್ರೆಟರಿ ದೊಡ್ಡ ವಕೀಲರು. ದೇವರೇ ಸಾಕ್ಷಿಗೆ ಬಂದರೂ ಪಾಟೀಸವಾಲು ಮಾಡದೆ ಬಿಡುವವರಲ್ಲ. ಮೊಮ್ಮಗಳು ಊಟಕ್ಕೆ ಕೂತಾಗ ಖಾಲಿ ಮನೆಯ ಕಥೆ ಬಿಚ್ಚಿದಳಂತೆ. ದೆವ್ವದ ಸುಳ್ಳು ಹೇಳಿ ಹುಡುಗಿಯರನ್ನು ಅಂಜಿಸುತ್ತೇನೆಂದು ಮರುದಿನವೇ ನನಗೆ ಕಮಿಟಿಯ ಕರೆ ಬಂತು. ಹೇಳಿದ್ದು ಸುಳ್ಳೆಂದು ಒಪ್ಪಬೇಕು, ಇಲ್ಲವೇ ಕೆಲಸ ಬಿಡಬೇಕು.

ಗೆಳತಿಗೆ ಮಿಶನ್ ಶಾಲೆಯ ಬಾಗಿಲು ಯಾವತ್ತೂ ತೆರೆದಿತ್ತು. ನನಗೆ ಈ ಕೆಲಸ ಹೋದರೆ ಭಾವನ ಮನೆಯ ಒಲೆಯೇ ಗತಿ. ಅವ್ವನೂ ನಾನೂ ಅವರಿವರ ಮುಖ ನೋಡದೆ ಉಣ್ಣುತ್ತಿದ್ದದ್ದು ಆ ಪಗಾರದಿಂದ. ಅವ್ವ ನನ್ನ ಗದ್ದ ಹಿಡಿದು ಬೇಡಿಕೊಂಡಳು: "ಮಾತು ಮನಿ ಕೆಡಸ್ತು, ತೂತು ಒಲಿ ಕೆಡಸ್ತು ಅಂತಾರ. ಸುಳ್ಳಂತ ಒಂದ ಮಾತ ಅಂದುಬಿಡವಾ. ಯಾರಪ್ಪನ ಗಂಟ ಹೋಗತದ?"

ಅನ್ನಬೇಕೆಂದೇ ಹೋಗಿದ್ದೆ. ಆದರೆ ವಕೀಲರ ಪಕ್ಕದಲ್ಲಿ ಕಾಲೇಜಿನ ವಿಜ್ಞಾನದ ಪ್ರೊಫೆಸರರು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು, "ಹೆಣ್ಣಮಕ್ಕಳ ಮನಸ್ಸು ನೋಡ್ರಿ, ಹಗ್ಗ ಕಂಡ್ರ ಹಾವು" ಎಂದು ನಕ್ಕರು. ನನ್ನ ಪಿತ್ತ ನೆತ್ತಿಗೇರಿತು.

"ದನಿ ಬಾಜೂ ಮನ್ಯಾಗಿಂದ ಬಂದಿರಬೇಕು," ಎಂದರು ವಕೀಲರು.

"ಬಾಜೂ ಮನೀನ ಇಲ್ರಿ."

"ಹಂಗಾರ ನೀವ ಸುಳ್ಳ ಹೇಳಾಕತ್ತೀರಿ."

"ನಾನೂ ಕೇಳೇನ್ರಿ," ಎಂದಳು ಗೆಳತಿ. ಅವಳನ್ನು ಯಾರೂ ಕರೆದಿರಲಿಲ್ಲ, ತಾನಾಗಿಯೇ ಬಂದು ನಿಂತಿದ್ದಳು.

"ಹಂಗಾರ ಇಬ್ರೂ ಕೂಡಿ ಹೇಳಾಕತ್ತೀರಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಗೂಗೆಯನ್ನು ಗೂಗೆ ಎಂದಾಗ ನನ್ನ ಕಿವಿ ನೆಟ್ಟಗಿತ್ತು, ಈಗ ಮಾತ್ರ ಕೆಟ್ಟಿತೇ? "ಕೇಳಿದ್ದನ್ನ ಕೇಳಿಲ್ಲ ಅನ್ನಾಕ ಆಗೂದಿಲ್ರಿ. ಬೇಕಾದ್ರ ನೀವ ಬಂದು ನೋಡ್ರಿ," ಎಂದುಬಿಟ್ಟೆ.

ಆ ಸಂಜೆಯೇ ಎರಡು ಟಾಂಗಾ ಹೊರಟವು. ಮನೆಯ ಮುಂದೆ ಇಳಿದು, ವಕೀಲರು ಹೇಳಿದಂತೆ ನಾನು ಕೂಗಿದೆ. ಜಂತಿಯಿಂದ ಎರಡು ಗುಬ್ಬಿ ಹಾರಿದವು, ಅಷ್ಟೇ. ಇನ್ನೊಮ್ಮೆ ಕೂಗಿದೆ. ಗುಬ್ಬಿಯೂ ಹಾರಲಿಲ್ಲ. ವಕೀಲರು ಬೂಟು ಕಳಚಿಟ್ಟು ಒಳಗೆ ನಡೆದರು, ಕೈಕೋಲಿನಿಂದ ಗೋಡೆಗಳನ್ನು ಬಡಿದರು, ಪಡಸಾಲೆಯ ನಡುವೆ ನಿಂತು, "ಎಲ್ಲಿ ಅದಾರ್ರಿ, ಬರ್ರಿ ಅಂದ ಆ ನಿಮ್ಮ ಬಾಯಾರು?" ಎಂದು ಕೇಳಿದರು. ಪ್ರೊಫೆಸರರು ಗಹಗಹಿಸಿದರು. ನನ್ನ ಕೆಲಸ ಹೋಯಿತೆಂದು ನನಗೆ ಖಾತ್ರಿಯಾಯಿತು.

"ಮುಗೀತು, ನಡೀರಿ," ಎಂದು ವಕೀಲರು ಹೊರಬಂದು ಬೂಟು ಹಾಕಿಕೊಂಡರು. ಅಂಗಳಕ್ಕೆ ಇಳಿಯುವ ಮುನ್ನ ಒಮ್ಮೆ ಹಿಂದಿರುಗಿ, ಖಾಲಿ ಪಡಸಾಲೆಯತ್ತ ಎರಡೂ ಕೈ ಜೋಡಿಸಿ, "ಹೋಗಿ ಬರ್ತೇವ್ರಿ" ಎಂದರು.

ಗೆಳತಿ ಬಾಯಿಗೆ ಸೆರಗು ಒತ್ತಿ ತಡೆದುಕೊಂಡಳು, ತಡೆದುಕೊಂಡಳು, ಆಮೇಲೆ ಫಕ್ಕನೆ ನಕ್ಕುಬಿಟ್ಟಳು.

"ಯಾರಿಗ್ರೀ ವಕೀಲ್ರ?" ಎಂದರು ಪ್ರೊಫೆಸರರು.

ವಕೀಲರ ಮುಖ ಕೆಂಪಾಯಿತು. "ರೂಢಿ ರೀ. ನಾಲಿಗಿ ತಾನ ಅಂತದ," ಎಂದರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕರು. ಟಾಂಗಾ ಹೊಡೆಯುವವನೂ ನಕ್ಕ.

ನಾನು ನಗಲಿಲ್ಲ. "ನಾ ಕೂಗಿದ್ದೂ ರೂಢೀರಿ," ಎಂದೆ. "ಉತ್ತರ ಬಂದದ್ದು ಮಾತ್ರ ನನ್ನ ಕೈಯಾಗಿನ ಮಾತಲ್ಲ. ಅದು ದೆವ್ವ ಅಂತ ನಾ ಹುಡಿಗ್ಯಾರಿಗೆ ಹೇಳಿಲ್ಲ. ಏನಂತ ಗೊತ್ತಿಲ್ಲ ಅಂತ ಹೇಳೇನಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬಾರದೇನ್ರಿ?"

ವಕೀಲರು ತಮ್ಮ ಟಾಂಗಾ ಹತ್ತಿದರು. ಊರು ಹತ್ತಿರವಾದಾಗ ಟಾಂಗಾ ನಿಲ್ಲಿಸಿ, ನಮ್ಮ ಟಾಂಗಾದ ಬಳಿ ಬಂದು, ಪಾಟೀಸವಾಲಿನ ದನಿ ಬಿಟ್ಟು ಕೇಳಿದರು: "ಆ ದನಿ ಸಿಟ್ಟಿಂದ ಇತ್ತೇನ್ರಿ?"

"ಇಲ್ರಿ. ರೊಟ್ಟಿ ಬಡಿಯೂ ಮುಂದ ಯಾರರ ಬಂದ್ರ ನಮ್ಮವ್ವ ಒಳಗಿಂದನ ಕರೀತಾಳಲ್ರಿ, ಹಂಗಿತ್ತು."

"ನನ್ನ ಮೊಮ್ಮಗಳು ಅಂಜಿಲ್ಲ, ಮತ್ತ," ಎಂದರು. "ತಾನೂ ಹೋಗಿ ಕೂಗತೇನಿ ಅಂತ ಹಟಾ ಹಿಡದಾಳ. ಅಂಜಿದಾಂವ ನಾನ. ನಿಮ್ಮ ಕೆಲಸಕ್ಕೇನೂ ಧಕ್ಕಿಲ್ಲ. ನಾಳೆ ವರ್ಗ ತಗೋರಿ."

ಮನೆಗೆ ಓಡಿದೆ. ಅವ್ವ ಒಲೆಯ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಕೆಲಸ ಉಳಿಯಿತು ಎಂದೆ. ಒಳ್ಳೆಯದಾಯಿತು, ಸುಳ್ಳೆಂದು ಒಪ್ಪಿಕೊಂಡು ಶಾಣ್ಯಾತನ ಮಾಡಿದಿ ಎಂದಳು. ಒಪ್ಪಿಕೊಳ್ಳಲಿಲ್ಲ ಎಂದೆ. ಕೈಯಲ್ಲಿದ್ದ ಊದುಗೊಳವಿ ಹಾಗೆಯೇ ಹಿಡಿದು ನನ್ನನ್ನು ನೋಡಿದಳು.

"ಖರೇ ಹೇಳಿದ್ರೂ ಇಟ್ಟುಕೊಂಡ್ರಾ?" ಎಂದಳು.