ಕಾಗೆ ಬಾರದ ಮಧ್ಯಾಹ್ನ

“ನಾವು ಕೂಗಿ ಕೇಳುತ್ತೇವೆ, ಜಗತ್ತು ಸುಮ್ಮನಿರುತ್ತದೆ. ಅದೇ ಅಸಂಗತತೆ” ಎಂದು ಇಂಗ್ಲಿಷಿನಲ್ಲಿ ಅಸ್ತಿತ್ವವಾದದ ಮೊದಲ ಪಾಠ ಹೇಳುತ್ತಿದ್ದೆ. ಅಷ್ಟರಲ್ಲಿ ಕಿಟಕಿಯಾಚೆಯಿಂದ “ಕಾ... ಕಾ...” ಎಂಬ ಕೂಗು ಕೇಳಿಸಿತು. ಅಣ್ಣಾ ನಗರ್‌ನ ನಮ್ಮ ಕಾಲೇಜಿನ ಪಕ್ಕದ ತಾರಸಿಯಲ್ಲಿ ಹೆಂಗಸೊಬ್ಬರು, ಇಲ್ಲಿನ ತಮಿಳರ ರೂಢಿಯಂತೆ, ತೀರಿಕೊಂಡ ಹಿರಿಯರ ಪಾಲಿನ ಅನ್ನ ಹಿಡಿದು ಊಟಕ್ಕೆ ಮುಂಚೆ ಕಾಗೆಯನ್ನು ಕರೆಯುತ್ತಿದ್ದರು. ಹುಡುಗರು ನಕ್ಕರು. ಆಮೇಲೆ ಯಾಕೋ ಎಲ್ಲರೂ ಅತ್ತಲೇ ನೋಡುತ್ತ ಕುಳಿತರು, ನಾನೂ. ಬಿಸಿಲಿನ ಝಳದಲ್ಲಿ ಒಣಗಲು ಹಾಕಿದ ಸೀರೆಗಳು ನೀರೊಳಗೆ ತೇಲುವಂತೆ ಕಾಣುತ್ತಿದ್ದವು. ಆಕೆ ಮತ್ತೆ ಮತ್ತೆ ಕರೆದರು. ಆಕಾಶ ಖಾಲಿಯಾಗಿಯೇ ಇತ್ತು. ಕೊನೆಗೆ ಅನ್ನವನ್ನು ಗೋಡೆಯ ಮೇಲಿಟ್ಟು ಒಳಗೆ ಹೋದರು.

ಬೆಲ್ ಆಗಿ ಎಲ್ಲರೂ ಹೊರಟರೂ ಸುಚಿತ್ರಾ ಉಳಿದಳು. ಕನ್ನಡದವರ ಮನೆಯ ಹುಡುಗಿ. ನಾನು ಕನ್ನಡದಲ್ಲಿ ಮಾತಾಡಿಸಿದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ಆ ಮಾತೂ ನಿಂತಿತ್ತು. ಅಂದು ಮೊದಲ ಸಲ ಕನ್ನಡದಲ್ಲಿ, ತಡವರಿಸುತ್ತ ಹೇಳಿದಳು: “ಅಪ್ಪ ಹೋದಾಗಿಂದ ನಮ್ಮಮ್ಮನೂ ಡೈಲಿ ಕರೀತಾರೆ ಮಿಸ್. ಒಂದಿನಾನೂ ಕಾಗೆ ಬಂದಿಲ್ಲ.”

“ಮತ್ತೆ ಏನ್ಮಾಡ್ತೀರಿ?”

“ಇವತ್ತು ಲೇಟಾಯ್ತೇನೋ ಅಂದ್ಕೊಂಡು, ಅನ್ನ ಇಟ್ಬಿಟ್ಟು ಊಟಕ್ಕೆ ಕೂತ್ಕೋತೀವಿ. ಈಗ ರಜೆ ಇದ್ದಾಗ ಅಮ್ಮನ ಜೊತೆ ನಾನೂ ಕೂಗ್ತೀನಿ.”

ಈಗ ಆ ಪಾಠವನ್ನು ಊಟಕ್ಕೆ ಮುಂಚಿನ ಪೀರಿಯಡ್ಡಿಗೇ ಇಟ್ಟುಕೊಳ್ಳುತ್ತೇನೆ. ‘ಜಗತ್ತು ಸುಮ್ಮನಿರುತ್ತದೆ’ ಎಂದು ಹೇಳಿದ ಮೇಲೆ ಕಿಟಕಿ ಪೂರ್ತಿ ತೆರೆದು, ನಾನೂ ಸುಮ್ಮನಾಗುತ್ತೇನೆ.